ಒಂದು ಹದಿನಾಲ್ಕಕ್ಕೆ ಒತ್ತಿದ ಗುಂಡಿ

"ಕಾಲು ಕಳ್ಕೊಂಡು ರೋಡಲ್ಲಿ ಬಿದ್ದಿದ್ದೋಳಿಗೆ ಬೆರಳಾಡ್ಸೋಕೆ ಹೆಂಗಮ್ಮಾ ಆಯ್ತು?"

ಶ್ರೀವತ್ಸನ್ ಕೇಳಿದ್ದು ದೇಸಮ್ಮನನ್ನು, ನೋಡಿದ್ದು ಮಾತ್ರ ಪಕ್ಕದ ಮೇಜಿನವನನ್ನು. ಇಬ್ಬರೂ ಕಿಸಕ್ಕೆಂದರು. ಮನೆಮನೆಗೆ ಊಟ ತಲುಪಿಸುವ ಕಂಪನಿಯ ಚೆನ್ನೈ ಕಚೇರಿ ಅದು, ಅವನು ಅಲ್ಲಿಯ ಮ್ಯಾನೇಜರು. ದೇಸಮ್ಮ ಊರುಗೋಲಿನ ಮೇಲೆ ನಿಂತು ಆಗಲೇ ಅರ್ಧ ಗಂಟೆಯಾಗಿತ್ತು. ಎದುರಿಗೇ ಒಂದು ಕುರ್ಚಿಯಿತ್ತು, ಅದರ ಮೇಲೆ ಶ್ರೀವತ್ಸನ್‌ನ ಬ್ಯಾಗು ಕೂತಿತ್ತು. ಎಡಗಾಲಿನ ಮೊಣಕಾಲ ಕೆಳಗೆ ಅವಳ ಸೀರೆ ಸುಮ್ಮನೆ ಜೋತು ಬಿದ್ದಿತ್ತು.

ಅವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. "ನೋಡು. ಊಟ ಕೊಟ್ಟಾಯ್ತು ಅಂತ ನೀನೇ ಗುಂಡಿ ಒತ್ತಿದ್ದೀಯ, ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ. ಆಂಬುಲೆನ್ಸಿಗೆ ಫೋನ್ ಹೋಗಿರೋದು ಒಂದು ಇಪ್ಪತ್ತಕ್ಕೆ. ಆರ್ಡರ್ ತಗೊಂಡಾಗಿಂದ ಕೊಡೋ ತನಕ ಏನಾದ್ರೂ ಆದ್ರೆ ಇನ್ಶೂರೆನ್ಸು. ಕೊಟ್ಟ ಮೇಲೆ ನೀನ್ಯಾರೋ ನಾವ್ಯಾರೋ. ಯಾವನ ಜೊತೆ ಎಲ್ಲಿಗೆ ಹೊರಟಿದ್ಯೋ, ಎಲ್ಲಿ ಬಿದ್ಯೋ, ಕಂಪನಿಗ್ಯಾಕೆ ಅದು?"

"ಬಿದ್ದ ಮೇಲೆ ಒತ್ತಿದ್ದು ಸಾರ್. ಊಟ ಇನ್ನೂ ಬ್ಯಾಗಲ್ಲೇ ಇತ್ತು."

"ಓಹೋ! ಕೊಡದೇ ಇರೋ ಊಟಾನ ಕೊಟ್ಟೆ ಅಂತ ಒತ್ತಿದ್ಯಾ? ಅದಕ್ಕೆ ಮೋಸ ಅಂತಾರೆ. ಪೊಲೀಸರಿಗೆ ಹೇಳ್ಲಾ?"

ದೇಸಮ್ಮ ಊರುಗೋಲನ್ನು ಬಾಗಿಲ ಕಡೆ ತಿರುಗಿಸಿದಳು. ಹೊರಗೆ ಬಂದಾಗ ಕಾವಲಿನವನು ಅವಳನ್ನು ಲಿಫ್ಟಿನ ಬಾಗಿಲಿಂದ ಅಟ್ಟಿ ಹಿಂಬದಿಯ ಸಾಮಾನಿನ ಲಿಫ್ಟಿಗೆ ಕಳಿಸಿದ. ಅದೇನೂ ಅವಳಿಗೆ ಹೊಸದಲ್ಲ. ಮೂರು ವರ್ಷ ಊಟ ಹೊತ್ತು ಹತ್ತಿದ್ದೆಲ್ಲ ಅಂಥ ಲಿಫ್ಟಿನಲ್ಲೇ.

ಗುಂಡಿಯ ವಿಷಯ ಶ್ರೀವತ್ಸನ್‌ಗೆ ಗೊತ್ತಿಲ್ಲ ಅಂತಲ್ಲ. ಊಟ ತಡವಾದರೆ ಫೋನಿನಲ್ಲಿ ಹೆಸರು ಕೆಂಪಾಗುತ್ತದೆ. ಮೂರು ಸಲ ಕೆಂಪಾದರೆ ಐಡಿಗೆ ಬೀಗ, ಅಲ್ಲಿಗೆ ಕೆಲಸ ಮುಗಿಯಿತು. ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಸಿ, ಚಪ್ಪಲಿ ಬಿಡಿಸಿ, ಕಾಯಿಸಿ ಒಳಗೆ ಬಿಡುವ ಹೊತ್ತಿಗೆ ಎಂಥವರ ಹೆಸರೂ ಕೆಂಪಾಗುತ್ತದೆ. ಅದಕ್ಕೇ ಗಾಡಿ ಓಡಿಸುವವರೆಲ್ಲ ಗೇಟಿನ ಹೊರಗೇ 'ಕೊಟ್ಟಾಯ್ತು' ಒತ್ತಿ, ಆಮೇಲೆ ಒಳಗೆ ಓಡುತ್ತಿದ್ದರು. ದೇಸಮ್ಮನಿಗೆ ಇದನ್ನು ಕಲಿಸಿದ್ದು ದಿಲ್ಲಿರಾಣಿ. ಒಂದೇ ಕಟ್ಟಡದವಳು, ಅವಳಿಗಿಂತ ಮೊದಲೇ ಈ ಕೆಲಸ ಹಿಡಿದವಳು. ಮೊದಲ ದಿನವೇ ಬೆನ್ನಿಗೆ ಗುದ್ದಿ ಹೇಳಿದ್ದಳು: "ಮೊದ್ಲು ಒತ್ತು, ಆಮೇಲೆ ಓಡು. ಇದೊಂದು ಮರೀಬೇಡ, ಮಿಕ್ಕಿದ್ದೆಲ್ಲ ಮರೆತ್ರೂ ನಡೀತದೆ."

ದೇಸಮ್ಮ ಮರೆಯಲಿಲ್ಲ. ವೇಳಚ್ಚೇರಿ ರಸ್ತೆಯಲ್ಲಿ ಉರಿಬಿಸಿಲಲ್ಲಿ ಬಿದ್ದಾಗ ಮೊದಲು ನೆನಪಾದದ್ದು ಅದೇ. ಆ ವಾರ ಎರಡು ಸಲ ಕೆಂಪಾಗಿತ್ತು. ಬಿರಿಯಾನಿ ಬ್ಯಾಗಿನೊಳಗೇ ಚೆಲ್ಲಿತ್ತು, ಕಾಲು ಇದ್ದ ಕಡೆ ಏನೋ ಬಿಸಿಬಿಸಿಯಾಗಿತ್ತು, ಫೋನು ಕೈಗೆ ಸಿಕ್ಕಿತು. ಒತ್ತಿದಳು. ಆಮೇಲೆ ಗಿರಾಕಿಗೆ ಫೋನು ಮಾಡಿ ಕ್ಷಮಿಸಿ ಅನ್ನಬೇಕಿತ್ತು. ಅಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು.

ಬಿದ್ದದ್ದು ಬ್ರೇಕು ಹಿಡಿಯದೆ. ಅದೂ ಹೊಸ ವಿಷಯವಲ್ಲ. ವಾರದ ಬಾಡಿಗೆಗೆ ಕರೆಂಟು ಸ್ಕೂಟರ್ ಕೊಡುವ ಧನಶೇಖರನಿಗೆ ಎರಡು ಸಲ ಹೇಳಿದ್ದಳು. "ಇಪ್ಪತ್ತೈದರ ಮೇಲೆ ಓಡದ ಗಾಡಿಗೆ ಎಂಥ ಬ್ರೇಕಮ್ಮಾ? ಕಾಲು ಊರು, ನಿಲ್ತದೆ" ಅಂದಿದ್ದ. ಅವಳು ಊರಿದಳು. ಊರಿದ ಕಾಲಿನ ಮೇಲೆ ನೀರಿನ ಟ್ಯಾಂಕರಿನ ಹಿಂಚಕ್ರ ಹತ್ತಿ ಹೋಯಿತು. ಟ್ಯಾಂಕರು ನಿಲ್ಲಲಿಲ್ಲ.

ಧನಶೇಖರ ಆಸ್ಪತ್ರೆಗೆ ಬರಲಿಲ್ಲ. ಗಾಡಿಯನ್ನು ಹುಡುಕಿಸಿ ತರಿಸಿ, ತೊಳೆದು, ಮೂರನೇ ದಿನಕ್ಕೆ ಇನ್ನೊಬ್ಬಳಿಗೆ ಬಾಡಿಗೆಗೆ ಕೊಟ್ಟ. ಸೀಟು ಹರಿದ ಜಾಗಕ್ಕೆ ದೇಸಮ್ಮ ಹಾಕಿದ್ದ ಹೊಲಿಗೆ ನೋಡಿ ದಿಲ್ಲಿರಾಣಿ ಗುರುತು ಹಿಡಿದಿದ್ದಳು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಪೊಲೀಸ್ ಠಾಣೆಗೂ ಹೋಗಿ ಬಂದದ್ದಾಗಿತ್ತು. ಅಲ್ಲಿಯ ದಫೇದಾರ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡೇ ಕೇಳಿದ.

"ಟ್ಯಾಂಕರ್ ನಂಬರು?"

"ನೋಡಿಲ್ಲ ಸಾರ್."

"ನಿನ್ ಗಾಡಿ ನಂಬರು?"

"ಅದಕ್ಕೆ ನಂಬರೇ ಇಲ್ಲ ಸಾರ್. ನಿಧಾನಕ್ಕೆ ಹೋಗೋ ಗಾಡಿಗೆ ಬೇಡ್ವಂತೆ. ಲೈಸೆನ್ಸೂ ಬೇಡ್ವಂತೆ, ಇನ್ಶೂರೆನ್ಸೂ ಬೇಡ್ವಂತೆ."

"ಸರಿ ಹೋಯ್ತು. ನಂಬರಿಲ್ಲದ ಗಾಡಿಗೆ ನಂಬರಿಲ್ಲದ ಲಾರಿ ಗುದ್ದಿದ್ರೆ ನಾನೇನ್ ಬರೀಲಿ, ನನ್ ಪಿಂಡ? ಅದು ಗಾಡಿನೇ ಅಲ್ಲ, ಮಕ್ಕಳಾಟದ ಸಾಮಾನು. ನಡಿ ನಡಿ. ಬೋರ್ಡ್ ಮನೆ ಜನಕ್ಕೆ ದಿನಾ ಒಂದು ಕತೆ."

ಬೋರ್ಡ್ ಮನೆ ಅಂದರೆ ಹೊಳೆದಂಡೆಯ ಗುಡಿಸಲು ಕಿತ್ತು, ಊರಾಚೆಗೆ ಎತ್ತಿ ಒಗೆದ ಜನಕ್ಕೆ ಸರ್ಕಾರದ ಹೌಸಿಂಗ್ ಬೋರ್ಡ್ ಕಟ್ಟಿಕೊಟ್ಟ ಎಂಟಂತಸ್ತಿನ ಗೂಡುಗಳು. ದೇಸಮ್ಮನದು ನಾಲ್ಕನೇ ಅಂತಸ್ತು. ಲಿಫ್ಟು ಕೆಟ್ಟು ಎಷ್ಟು ಕಾಲವಾಯಿತೆಂದು ಯಾರಿಗೂ ನೆನಪಿಲ್ಲ. ಕಾಲು ಹೋದ ಮೇಲೆ ಅವಳು ಇಳಿಯುವಾಗಲೂ ಹತ್ತುವಾಗಲೂ ಕೂತುಕೊಂಡೇ, ಒಂದೊಂದು ಮೆಟ್ಟಿಲೂ ತಿಕದ ಮೇಲೆ. ನೀರು ತರಲು ಆಗದು, ಕೆಲಸಕ್ಕೆ ಹೋಗಲು ಆಗದು. ಗಂಡ ಸತ್ತವಳು, ಜೊತೆಗಿರುವುದು ಕಣ್ಣು ಕಾಣದ ಅತ್ತೆ. ಇನ್ಶೂರೆನ್ಸು ಬಂದರೆ ನೆಲದ ಮೇಲೊಂದು ಬಾಡಿಗೆ ಮನೆ ಹಿಡಿದು, ಬಾಗಿಲಲ್ಲಿ ಇಡ್ಲಿ ಹಾಕಿ ಬದುಕಬಹುದು. ಬರದಿದ್ದರೆ ಆ ನಾಲ್ಕನೇ ಅಂತಸ್ತಿನಲ್ಲೇ ಇಬ್ಬರೂ ಕೊಳೆಯಬೇಕು. ಅವಳ ಮುಂದಿದ್ದದ್ದು ಇಷ್ಟೇ.

ಗಾಡಿಯವರ ಸಂಘದ ಪೊನ್ನುರಂಗ ಏದುಸಿರು ಬಿಡುತ್ತ ನಾಲ್ಕು ಅಂತಸ್ತು ಹತ್ತಿ ಬಂದ. ಮೂವತ್ತು ವರ್ಷ ಆಟೋ ಓಡಿಸಿ, ಕೋರ್ಟು ಅಲೆದು ಅಲೆದೇ ಕಾನೂನು ಕಲಿತ ಮುದುಕ. ಅತ್ತೆ ಕೊಟ್ಟ ಗಂಜಿಯನ್ನು ಒಣಮೀನು ಕಚ್ಚಿಕೊಂಡು ಕುಡಿಯುತ್ತ ಹೇಳಿದ.

"ಮೂರು ಬಾಗ್ಲು ಕಣಮ್ಮಾ. ಪೊಲೀಸ್ರು ಬರ್ಕೊಂಡ್ರೆ ಆಕ್ಸಿಡೆಂಟ್ ಕೋರ್ಟು. ಆ ಬಾಗ್ಲು ತೆಗೆಸ್ಬೌದು, ಆದ್ರೆ ವರ್ಷಗಟ್ಲೆ ತಲೆ ಚಚ್ಕೋಬೇಕು. ಕಂಪನಿ ಇನ್ಶೂರೆನ್ಸು, ಅದು ಗುಂಡಿ ತೋರಿಸ್ತು. ಮೂರನೇದು ಲೇಬರ್ ಆಫೀಸು. ಕೆಲಸ ಮಾಡೋವಾಗ ಏಟು ಬಿತ್ತು ಅಂತ ಅಲ್ಲಿ ಅರ್ಜಿ. ಅಲ್ಲೂ ಅವ್ರು ಗುಂಡೀನೇ ತೋರಿಸ್ತಾರೆ, ಬೋಳಿಮಕ್ಳು. ನಿನ್ ಫೋನ್ ಕೊಡಿಲ್ಲಿ."

ಇಂಗ್ಲಿಷಿನಲ್ಲಿ ಬಂದ ಮೆಸೇಜುಗಳನ್ನು ದೇಸಮ್ಮ ತೆರೆದೇ ಇರಲಿಲ್ಲ, ಓದಲು ಬಂದರೆ ತಾನೆ? ಮುದುಕ ಕನ್ನಡಕ ಏರಿಸಿ ಒಂದೊಂದೇ ಸರಿಸುತ್ತ ಹೋದ. ಒಂದರ ಮೇಲೆ ಬೆರಳು ನಿಂತಿತು.

"ಲೇ ಇವ್ಳೇ, ಇದೇನು ಗೊತ್ತಾ? ಅವತ್ತು ಒಂದು ಐವತ್ತಕ್ಕೆ ಬಂದಿರೋದು. 'ಗಿರಾಕಿಗೆ ಊಟ ತಲುಪಿಲ್ಲ. ದುಡ್ಡು ವಾಪಸ್ ಮಾಡಿದ್ದೀವಿ. ನಿಮಗೆ ದಂಡ.' ನೀನು ಪ್ರಜ್ಞೆ ಇಲ್ದೆ ಬಿದ್ದಿದ್ದಾಗ ನಿಂಗೆ ದಂಡ ಹಾಕವ್ರೆ!"

"ಹಂಗಂದ್ರೆ?"

"ಊಟ ತಲುಪಿಲ್ಲ ಅಂತ ಅವರ ಬಾಯಲ್ಲೇ ಬಂತು ಅಂತ. ತಲುಪಿಲ್ಲ ಅಂದ್ರೆ ನೀನಿನ್ನೂ ಕೆಲಸದಲ್ಲಿದ್ದೆ. ಆದ್ರೆ ಒಂದಿದೆ. ನೀನು ಸುಳ್ಳು ಒತ್ತಿದೆ ಅಂತ ನೀನೇ ಬರ್ಕೊಡ್ಬೇಕಾಗ್ತದೆ. ಅವ್ರು ಮೋಸದ ಕೇಸು ಹಾಕೇ ಹಾಕ್ತಾರೆ."

ಬಾಗಿಲಿಗೆ ಒರಗಿ ನಿಂತಿದ್ದ ದಿಲ್ಲಿರಾಣಿ ಒಳಗೆ ಬಂದಳು.

"ಬೇಡ ಕಣಕ್ಕಾ. ಎಲ್ರೂ ಒತ್ತೋದೇ ಅಂತ ಗೊತ್ತಾದ್ರೆ ಎಲ್ರ ಐಡಿಗೂ ಬೀಗ ಜಡೀತಾರೆ. ನನ್ ಗಂಡ ಹೆಂಗೂ ಕುಡಿದು ಬಿದ್ದಿರ್ತಾನೆ, ಮೂರು ಹೊಟ್ಟೆ ನನ್ ತಲೆ ಮೇಲೆ. ನಿನ್ ಕಾಲ್ ಹಿಡ್ಕೊಂಡು ಕೇಳ್ಕೋತೀನಿ."

"ಯಾವ ಕಾಲು?" ಅಂದಳು ದೇಸಮ್ಮ.

ಅಂದ ಮೇಲೆ ಅವಳಿಗೇ ಕಷ್ಟವಾಯಿತು. "ನಿನ್ ಹೆಸ್ರು ನನ್ ಬಾಯಿಂದ ಬರಲ್ಲ, ಹೋಗು" ಎಂದಳು. ದಿಲ್ಲಿರಾಣಿ ಸೆರಗಿಗೆ ಮೂಗು ಒರೆಸಿಕೊಂಡು ಹೊರಟುಹೋದಳು.

ವಿಚಾರಣೆಯ ದಿನ ಲೇಬರ್ ಆಫೀಸಿನ ಎರಡನೇ ಅಂತಸ್ತಿಗೆ ದೇಸಮ್ಮ ಕೂತುಕೊಂಡೇ ಹತ್ತಿದಳು. ಸೀರೆಯ ಹಿಂಭಾಗವೆಲ್ಲ ಧೂಳಾಯಿತು. ಒಳಗೆ ಹೋದವಳೇ, ಯಾರೂ ಹೇಳದಿದ್ದರೂ, ಅಧಿಕಾರಿಯ ಎದುರಿನ ಕುರ್ಚಿಯನ್ನು ಊರುಗೋಲಿನಿಂದ ಎಳೆದು ಕೂತಳು. ಅಧಿಕಾರಿ ಹುಬ್ಬು ಗಂಟಿಕ್ಕಿ ಅವಳ ಧೂಳನ್ನು ನೋಡಿದ. ಆಚೆ ಕಡೆ ಶ್ರೀವತ್ಸನ್, ಅವನ ಪಕ್ಕ ಕಂಪನಿಯ ವಕೀಲ. ಈಚೆ ಕಡೆ ಪೊನ್ನುರಂಗ ಒಬ್ಬನೇ.

ವಕೀಲ ಒಂದು ಹದಿನಾಲ್ಕರ ಕತೆಯನ್ನು ಮತ್ತೆ ಹೇಳಿದ. ಅಧಿಕಾರಿ ಆಕಳಿಸಿದ. "ಏನಮ್ಮಾ, ಊಟ ಕೊಟ್ಟಿದ್ದೀಯಲ್ಲ. ಇನ್ನೇನು?"

"ಕೊಟ್ಟಿಲ್ಲ ಸಾರ್. ಸುಳ್ಳು ಒತ್ತಿದೆ."

ವಕೀಲ ಬೇಟೆ ಸಿಕ್ಕವನಂತೆ ಮುಂದೆ ಬಾಗಿದ. "ಕೇಳಿಸ್ಕೊಂಡ್ರಾ ಸಾರ್? ತಪ್ಪು ಒಪ್ಕೊಂಡ್ಲು. ಕಳ್ಳತನ ಇದು. ಏನಮ್ಮಾ, ಕಳ್ಳಿ ಅಂತ ಬರ್ಕೊಳ್ಳೋಣ್ವಾ?"

"ಬರ್ಕೊಳ್ಳಿ. ಕಳ್ಳಿ ಅಂತಾನೇ ಬರ್ಕೊಳ್ಳಿ. ಒಂದು ಹದಿನಾಲ್ಕಕ್ಕೆ ಊಟ ನನ್ ಬ್ಯಾಗಲ್ಲಿತ್ತು, ನನ್ ಕಾಲಿನ ಮೇಲೆ ಟ್ಯಾಂಕರ್ ಹತ್ತಿ ಹೋಗಿತ್ತು, ನಾನು ಕೆಲಸದಲ್ಲಿದ್ದೆ. ಕೆಲಸ ಉಳಿಸ್ಕೊಳ್ಳೋಕೆ ಸುಳ್ಳು ಒತ್ತಿದೆ. ಒಂದಕ್ಷರಾನೂ ಬಿಡ್ಬೇಡಿ. ಅವರ ದಂಡದ ಮೆಸೇಜು ಇಲ್ಲಿದೆ, ಅದನ್ನೂ ಅಂಟಿಸ್ಕೊಳ್ಳಿ."

ಪೊನ್ನುರಂಗ ಮೆಸೇಜಿನ ಜೆರಾಕ್ಸನ್ನು ಮೇಜಿನ ಮೇಲಿಟ್ಟ. ಕಳ್ಳಿ ಅಂತ ಬರೆದರೆ ಅವಳು ಕೆಲಸದಲ್ಲಿದ್ದದ್ದೂ ದಾಖಲಾಗುತ್ತದೆಂದು ವಕೀಲನಿಗೆ ಹೊಳೆದದ್ದು ಆಗ. ಅವನು ಶ್ರೀವತ್ಸನ್‌ನ ಮುಖ ನೋಡಿದ, ಶ್ರೀವತ್ಸನ್ ಫೋನು ನೋಡಿಕೊಂಡ.

"ಸಾರ್, ಆ ಹೇಳಿಕೆ ಈಗಲೇ ಬೇಡ. ಈಕೆಗೆ ಯಾರೋ ಹೇಳ್ಕೊಟ್ಟಿದ್ದಾರೆ. ಬಿದ್ದು ನರಳ್ತಿರೋಳಿಗೆ ಗುಂಡಿ ಒತ್ತೋ ಬುದ್ಧಿ ತಾನಾಗೇ ಬರತ್ತಾ? ಯಾರಮ್ಮಾ ಹೇಳ್ಕೊಟ್ಟಿದ್ದು? ಅವರ ಹೆಸರು ಹೇಳು ಮೊದಲು."

ದೇಸಮ್ಮ ಅಡ್ಡಡ್ಡ ತಲೆಯಾಡಿಸಿದಳು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. "ಹೆಸರು ಹೇಳದಿದ್ರೆ ನಾನು ಬರ್ಕೊಳ್ಳಲ್ಲ. ಎದ್ದೇಳು."

"ಬರ್ಕೊಳ್ಳೋ ತನಕ ಏಳಲ್ಲ ಸಾರ್. ಎಬ್ಬಿಸ್ಬೇಕಾದ್ರೆ ಎತ್ಕೊಂಡೇ ಹೋಗ್ಬೇಕು."

"ಏನೇ, ಧಿಮಾಕಾ? ನಾಲಿಗೆ ಉದ್ದ ಆಯ್ತಾ ಮುಂಡೇದಕ್ಕೆ?"

"ನಾನೇ ಹೇಳ್ಕೊಟ್ಟಿದ್ದು."

ಬಾಗಿಲಲ್ಲಿ ದಿಲ್ಲಿರಾಣಿ ನಿಂತಿದ್ದಳು. ಕಂಪನಿಯ ಅಂಗಿ, ಬೆನ್ನಿಗೆ ಊಟದ ಚೌಕದ ಬ್ಯಾಗು, ಒಳಗೆ ಯಾರದೋ ಊಟ ಬಿಸಿಯಾಗಿತ್ತು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

"ದಿಲ್ಲಿರಾಣಿ ನನ್ ಹೆಸ್ರು. ನಾನೂ ಒತ್ತೀನಿ, ಎಲ್ರೂ ಒತ್ತಾರೆ. ಈಗ ಕೆಳಗೇ ಒತ್ಬಿಟ್ಟು ಹತ್ತಿ ಬಂದಿದ್ದೀನಿ. ಬೇಕಾದ್ರೆ ನೋಡ್ಕೊಳ್ಳಿ, ಊಟ ಇಲ್ಲೇ ಇದೆ." ಬ್ಯಾಗನ್ನು ಇಳಿಸಿ ಅಧಿಕಾರಿಯ ಕಡತಗಳ ಮೇಲೇ ಇಟ್ಟಳು. ಸಾಂಬಾರಿನ ವಾಸನೆ ಎದ್ದಿತು.

ಶ್ರೀವತ್ಸನ್‌ನ ಹೆಬ್ಬೆರಳು ಮೇಜಿನ ಕೆಳಗೆ ಫೋನಿನ ಮೇಲೆ ಓಡಾಡಿತು. ಸ್ವಲ್ಪ ಹೊತ್ತಿಗೆ ದಿಲ್ಲಿರಾಣಿಯ ಫೋನು ಗುಂಯ್‌ಗುಟ್ಟಿತು. ಅವಳು ನೋಡಿದಳು. ಪರದೆಯ ತುಂಬ ಕೆಂಪು, ಐಡಿಗೆ ಬೀಗ. ಅವಳು ಅದನ್ನು ದೇಸಮ್ಮನ ಕಡೆ ತಿರುಗಿಸಿ ಹಿಡಿದಳು.

ದೇಸಮ್ಮ ಕೈ ಚಾಚಿ ಅಧಿಕಾರಿಯ ಪೆನ್ನಿನ ಮುಚ್ಚಳವನ್ನು ತಾನೇ ತೆಗೆದಳು, ಪೆನ್ನನ್ನು ಅವನ ಬೆರಳ ಸಂದಿಗೆ ತುರುಕಿದಳು. ಗೋಡೆಯ ಗಡಿಯಾರ ನೋಡಿದಳು.

"ಬರ್ಕೊಳ್ಳಿ ಸಾರ್. ಹನ್ನೆರಡು ನಲವತ್ತು. ನಿಮ್ ಕಣ್ಣೆದುರಿಗೆ, ನಿಮ್ ಮೇಜಿನ ಕೆಳಗೆ, ಅವನೂ ಒಂದು ಗುಂಡಿ ಒತ್ತಿದ. ನಂದನ್ನ ಬರ್ಕೊಂಡ್ರೆ ಅವಂದನ್ನೂ ಬರ್ಕೊಳ್ಳಿ."

ಅಧಿಕಾರಿ ಬರೆಯಲಿಲ್ಲ. ದೇಸಮ್ಮ ಏಳಲಿಲ್ಲ. ಹನ್ನೆರಡು ನಲವತ್ತೊಂದಾಯಿತು. ಬ್ಯಾಗಿನೊಳಗಿನ ಊಟದ ಗಿರಾಕಿ ದಿಲ್ಲಿರಾಣಿಯ ಫೋನಿಗೆ ಒಂದೇ ಸಮ ಕರೆ ಮಾಡುತ್ತಿದ್ದ.