ದಳಪತಿಯ ಸಾಕ್ಷಿ

"ನಿಲ್ಲು! ಆ ಬಾಗಿಲಿಗೆ ಹೋಗಬೇಡ!"

ಸಿಗ್ನಲ್ ಸಾಹೇಬರು ಮೇಜಿನ ಮೇಲೆ ಅಂಗೈ ಅಡ್ಡ ಹಿಡಿದರು. ನೌಕರಿ ಇದ್ದಷ್ಟು ಕಾಲ ದೊಡ್ಡ ಚೌಕದಲ್ಲಿ ಲಾರಿ, ಬಸ್ಸುಗಳನ್ನು ನಿಲ್ಲಿಸಿದ ಅಂಗೈ ಅದು. ನಿವೃತ್ತಿಯಾದ ಮೇಲೆ ನಿಲ್ಲಿಸಲು ಲಾರಿ ಸಿಗದೆ ಮನೆಯವರನ್ನು ನಿಲ್ಲಿಸುತ್ತಿತ್ತು. ಟ್ರಾಫಿಕ್ ಪೊಲೀಸರ ಸಮವಸ್ತ್ರವನ್ನು ಇಲಾಖೆಗೆ ಒಪ್ಪಿಸಿ ಬಂದಿದ್ದರು, ಕೈಯನ್ನು ಮಾತ್ರ ಮನೆಗೆ ತಂದಿದ್ದರು. ಸಿಗ್ನಲ್ ಸಾಹೇಬರೆಂಬುದು ಬೀದಿಯವರು ಸುಮ್ಮನೆ ಇಟ್ಟ ಹೆಸರಲ್ಲ.

ಎದುರಿಗೆ ಕೂತಿದ್ದ ಲಿಫ್ಟಿನ ಹುಡುಗ ಮರದ ಗೊಂಬೆಯನ್ನು ಎತ್ತಿದವನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡ. ಲಿಫ್ಟ್ ರಿಪೇರಿ ಮಾಡುವ ಈ ಸಾಧು ಪ್ರಾಣಿಯನ್ನು ಸಾಹೇಬರ ಮಗಳು ಮದುವೆಯಾಗಬೇಕೆಂದಿದ್ದಳು. "ಎಲ್ಲಿಡಲಿ ಸರ್?" ಎಂದ.

"ವೈದ್ಯನ ಮನೆಗೆ. ನೇರ ಹೋಗು, ಬಲಕ್ಕೆ ತಿರುಗು. ಭಿಕ್ಷುಕನಿಗೆ ಅವನು ಬಾಗಿಲು ತೆಗೀತಾನೆ, ನನಗೆ ತೆಗೆಯಲ್ಲ. ಆಟದ ನಿಯಮ ಹಾಗಿದೆ."

ಸಾಹೇಬರ ಹೆಂಡತಿ ಟೈಲರಮ್ಮ ಹಣೆ ಒತ್ತಿಕೊಂಡಳು. ಅವಳ ಗಂಡ ಈ ಮಧ್ಯಾಹ್ನದಲ್ಲಿ ಒಬ್ಬರಿಗಾದರೂ ತಮ್ಮ ಸರದಿಯನ್ನು ತಾವೇ ಆಡಲು ಬಿಟ್ಟಿರಲಿಲ್ಲ. ಪಾತ್ರಗಳನ್ನು ಹಂಚಿದ್ದೂ ಅವರೇ. ತಮಗೆ ಕೋಟೆಯ ದಳಪತಿ, ಹೆಂಡತಿಗೆ ಸೂಲಗಿತ್ತಿ, ಮಗಳಿಗೆ ದಫ್ತರ ಬರೆಯುವವಳು. ಬರಲಿರುವ ಅಳಿಯನಿಗೆ ಭಿಕ್ಷುಕ! ಅವನು ಅದಕ್ಕೂ "ಥ್ಯಾಂಕ್ಸ್ ಸರ್" ಎಂದಿದ್ದ.

ಆಟವನ್ನು ಆರಿಸಿ ತಂದವಳು ಮಗಳು. ಹಿಂದೊಮ್ಮೆ ಇದೇ ಮನೆಗೆ ಇನ್ನೊಬ್ಬ ಹುಡುಗ ಬಂದಿದ್ದ. ಸಾಹೇಬರು ಅವನನ್ನು ಕೇರಂ ಆಡಲು ಕೂರಿಸಿ, ಸೋಲಿಸಿ, ಸೋತದ್ದು ಯಾಕೆಂದು ಊಟದುದ್ದಕ್ಕೂ ವಿವರಿಸಿದ್ದರು. ಆ ಹುಡುಗ ಮತ್ತೆ ಈ ಕಡೆ ತಲೆ ಹಾಕಿ ಮಲಗಿದ್ದಿಲ್ಲ. ಅದಕ್ಕೇ ಈ ಸಲ ಮಗಳು ಅಂಗಡಿಯೆಲ್ಲ ಜಾಲಾಡಿ, ಯಾರೂ ಯಾರನ್ನೂ ಸೋಲಿಸಲಾಗದ ಆಟ ತಂದಿದ್ದಳು. ರಾಜರ ಕಾಲದ ಒಂದು ಕೋಟೆ ಊರು. ಗಂಟೆ ಎರಕ ಹೊಯ್ಯುವ ಮುದುಕ ತಾನೇ ಮಾಡಿದ ಗಂಟೆ ಮೈಮೇಲೆ ಬಿದ್ದು ಸತ್ತಿದ್ದಾನೆ. ಏನೂ ಮಾಡದ ಗಿರಣಿಯವನನ್ನು ಹಿಡಿದು ಸೆರೆಯಲ್ಲಿಟ್ಟಿದ್ದಾರೆ. ಮೇಜಿನ ಮೇಲಿನ ಮರದ ಮೇಣದಬತ್ತಿಗಳನ್ನು ಸುತ್ತಿಗೊಂದರಂತೆ ತೆಗೆದು ಮುಗಿಯುವುದರೊಳಗೆ ಆಡುವವರೆಲ್ಲ ಸಾಕ್ಷಿ ಕೂಡಿಸಿ, ನಿಜವಾದ ಕೊಲೆಗಾರನ ಚಿತ್ರದ ಮೇಲೆ ಎಲ್ಲರೂ ತಮ್ಮ ಬಿಲ್ಲೆ ಇಡಬೇಕು. ಒಬ್ಬರು ಬೇರೆ ಕಡೆ ಇಟ್ಟರೂ, ಎಲ್ಲರೂ ತಪ್ಪು ಕಡೆ ಇಟ್ಟರೂ, ಗಿರಣಿಯವನಿಗೆ ನೇಣು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ನಿಜ ಏನೆಂದು ಬರೆದು ಮುಚ್ಚಿದ ಲಕೋಟೆಯೊಂದು ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಒಡೆಯುವುದು ಕೊನೆಗೆ.

"ಇದರಲ್ಲಿ ಅಪ್ಪ ಏನು ಮಾಡೋಕಾಗತ್ತೆ ನೋಡ್ತೀನಿ," ಎಂದಿದ್ದಳು ಮಗಳು, ಪೆಟ್ಟಿಗೆಯನ್ನು ತಂದು ಕಪಾಟಿನಲ್ಲಿಟ್ಟ ದಿನ. ಆಮೇಲೆ ಅಡುಗೆಮನೆಗೆ ಬಂದು, ತಾಯಿಯ ಮುಖ ನೋಡದೆ, ಮೆಲ್ಲಗೆ ಇನ್ನೊಂದು ಮಾತು ಹೇಳಿದ್ದಳು. "ಅಮ್ಮಾ, ಅಪ್ಪ ಈ ಸಲಾನೂ ಹಾಗೇ ಮಾಡಿದ್ರೆ ನಾವಿಬ್ರೂ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸಹಿ ಹಾಕಿಬಿಡ್ತೀವಿ. ನಿನಗೆ ಫೋನ್ ಮಾಡ್ತೀನಿ. ಆದರೆ ಈ ಮನೆ ಮೆಟ್ಟಿಲು ಮಾತ್ರ ಹತ್ತಲ್ಲ."

ಹೆದರಿಸಲು ಆಡಿದ ಮಾತಾಗಿದ್ದರೆ ಟೈಲರಮ್ಮನಿಗೆ ಗೊತ್ತಾಗುತ್ತಿತ್ತು. ಅವಳು ಹೆದರಿಸಲು ಆಡಿರಲಿಲ್ಲ. ಅಂದಿನಿಂದ ಟೈಲರಮ್ಮನಿಗೆ ಹೊಲಿಗೆಯೂ ನೆಟ್ಟಗೆ ಬಂದಿರಲಿಲ್ಲ.

"ಕೊಲೆಗಾರ ವೈದ್ಯನೇ," ಎಂದರು ಸಾಹೇಬರು. "ನಾನು ಆಗಲೇ ಹೇಳಿದೆ. ಸುಮ್ಮನೆ ಆ ಕಡೆ ಈ ಕಡೆ ಸುತ್ತಿ ಮೇಣದಬತ್ತಿ ಯಾಕೆ ಸುಡ್ತೀರಿ?"

"ಅಪ್ಪಾ, ನಾವಿನ್ನೂ ನಾಲ್ಕು ಮನೆ ನೋಡಿಲ್ಲ."

"ನೋಡೋದೇನಿದೆ? ಅನುಭವ ಅನ್ನೋದು ಒಂದಿರತ್ತೆ."

ಮಗಳು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ತನ್ನ ಬ್ಯಾಗನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಟೈಲರಮ್ಮ ಅದನ್ನು ನೋಡಿದಳು. ಕೇರಂ ಆಡಿದ ದಿನವೂ ಮೊದಲು ಬ್ಯಾಗು ಮಡಿಲಿಗೆ ಬಂದಿತ್ತು, ಆಮೇಲೆ ಬಾಗಿಲು ದಡಾರೆಂದಿತ್ತು.

ಅಷ್ಟರಲ್ಲಿ ಸಾಹೇಬರ ಮೊಣಕೈ ತಾಗಿ ಒಂದು ಮೇಣದಬತ್ತಿ ಉರುಳಿ ಹೊಲಿಗೆ ಯಂತ್ರದ ಕೆಳಗೆ ಹೋಯಿತು. "ಪೆಟ್ಟಿಗೆಯಲ್ಲಿ ಇನ್ನೊಂದಿರಬಹುದು ನೋಡು," ಎಂದು ಹೆಂಡತಿಯತ್ತ ಬೆರಳು ತೋರಿಸಿದರು. ಬಗ್ಗಿ ಎತ್ತುವುದು ಅವರ ಜಾಯಮಾನದಲ್ಲಿಲ್ಲ.

ಪೆಟ್ಟಿಗೆ ಅವಳ ಪಕ್ಕದ ಸ್ಟೂಲಿನ ಮೇಲಿತ್ತು. ಮುಚ್ಚಳ ಸರಿಸಿದಾಗ ತಳದಲ್ಲಿ ಲಕೋಟೆ ಕಂಡಿತು. ಅದರ ಮೇಲೆ ಮೇಣದ ಮುದ್ರೆಯಂತೆ ಅಚ್ಚು ಹಾಕಿದ ಕೆಂಪು ಚೀಟಿ ಅಂಟಿಸಿದ್ದರು. ಮುದ್ರೆಯ ಮೇಲಿನ ಕಿರೀಟ ಮಾತ್ರ ಎರಡು ಹೋಳಾಗಿ, ಒಂದು ಹೋಳು ಮೇಲೆ, ಒಂದು ಹೋಳು ಕೆಳಗೆ ಸರಿದಿತ್ತು. ಅದನ್ನು ಹಿಡಿದಿಡಲು ಮೇಲೊಂದು ತುಂಡು ಟೇಪು. ಟೇಪಿನ ಎರಡೂ ತುದಿ ಹಲ್ಲು ಹಲ್ಲಾಗಿ ಕತ್ತರಿಸಿದ್ದು.

ಟೈಲರಮ್ಮ ಗೋಡೆಯ ಮೊಳೆಯತ್ತ ನೋಡಿದಳು. ಅಲ್ಲಿ ಅವಳ ಜಿಗ್‌ಜಾಗ್ ಕತ್ತರಿ ತೂಗುತ್ತಿತ್ತು. ಬಟ್ಟೆಯ ಅಂಚು ಬಿಚ್ಚಿಕೊಳ್ಳದಿರಲೆಂದು ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿ. ಕಾಗದ ಮುಟ್ಟಿಸಿದರೆ ಅದರ ಬಾಯಿ ಮೊಂಡಾಗುತ್ತದೆ. ಅದಕ್ಕೆ ಕೈ ಹಾಕಬೇಡಿ, ಕಾಗದ ಕತ್ತರಿಸಬೇಡಿ, ಟೇಪಿಗಂತೂ ಬೇಡವೇ ಬೇಡ ಎಂದು ಮದುವೆಯಾದಾಗಿನಿಂದ ಬಾಯಿ ಬಡಿದುಕೊಂಡಿದ್ದಳು. ಈ ಮನೆಯಲ್ಲಿ ಆ ಮಾತು ಕೇಳಿಸದ ಕಿವಿ ಒಂದೇ ಒಂದು ಜೊತೆ ಇತ್ತು.

ಆಗ ಅವಳಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮೊದಲು ಬಂದದ್ದು ಕತ್ತರಿಯ ಸಿಟ್ಟು, ಅದರ ಬೆನ್ನಿಗೇ ಉಳಿದದ್ದು. ಅಯ್ಯೋ ಮಹಾರಾಯ, ಕದ್ದು ಓದಿಕೊಂಡು ಬಂದು ಕೂತಿದ್ದೀಯಲ್ಲ! ಯಾರೂ ಯಾರನ್ನೂ ಸೋಲಿಸಲಾಗದ ಆಟದಲ್ಲೂ ಗೆಲ್ಲಲು ದಾರಿ ಹುಡುಕಿದೆಯಲ್ಲ! ಎದ್ದು ನಿಂತು ಲಕೋಟೆಯನ್ನು ಮೇಜಿನ ಮೇಲೆ ಬಡಿಯಬೇಕೆನಿಸಿತು. ಬಡಿದರೆ ಅಳಿಯನಾಗುವವನ ಎದುರು ಇವರ ಮಾನ ಮೂರು ಕಾಸಿಗೆ ಹೋಗುತ್ತದೆ, ಮಗಳು ಬ್ಯಾಗು ಹೆಗಲಿಗೇರಿಸಿ ಹೊರಡುತ್ತಾಳೆ. ಬಡಿಯದೆ ಸುಮ್ಮನಿದ್ದರೆ ಇವರು ಇಡೀ ಊರಿಗೆ ದಾರಿ ತೋರಿಸಿ, ಗೆದ್ದು, ಮೀಸೆ ತಿರುವುತ್ತಾರೆ. ಆಗಲೂ ಮಗಳು ಹೊರಡುತ್ತಾಳೆ.

ಅವಳು ಪೆಟ್ಟಿಗೆ ಮುಚ್ಚಿದಳು. "ಇನ್ನೊಂದಿಲ್ಲ," ಎಂದು ತಾನೇ ಬಗ್ಗಿ, ಯಂತ್ರದ ಕೆಳಗಿನ ದಾರದ ಕಸದೊಳಗಿಂದ ಮೇಣದಬತ್ತಿ ತೆಗೆದಿಟ್ಟಳು.

"ಸರಿ, ನಿನ್ನ ಸರದಿ. ಸೂಲಗಿತ್ತಿಗೂ ವೈದ್ಯ ಬಾಗಿಲು ತೆಗೀತಾನೆ. ನಡಿ," ಎಂದರು ಸಾಹೇಬರು.

"ಸೂಲಗಿತ್ತಿ ವೈದ್ಯನ ಮನೆಗೆ ಹೋಗಲ್ಲ."

"ಏನು?"

"ಅವಳಿಗೆ ಇಷ್ಟ ಇಲ್ಲ. ಅವಳು ಅಗಸರ ಕೇರಿಗೆ ಹೋಗ್ತಾಳೆ." ಟೈಲರಮ್ಮ ಗೊಂಬೆ ಎತ್ತಿ, ಮತ್ತೆ ಅಡ್ಡ ಬಂದ ಗಂಡನ ಅಂಗೈಯನ್ನು ಬಳಸಿ ಆಚೆಗಿಟ್ಟಳು. "ಮತ್ತೆ ನೀನಪ್ಪಾ, ಗೊಂಬೆ ಹಿಡಕೊಂಡು ಕೈ ನೋಯಲ್ವಾ? ನಿನಗೆ ಎಲ್ಲಿ ಹೋಗಬೇಕು ಅನ್ಸತ್ತೆ?"

ಲಿಫ್ಟಿನ ಹುಡುಗ ಸಾಹೇಬರನ್ನೂ ಅವಳನ್ನೂ ನೋಡಿದ. "ನನಗೆ ಗಂಟೆ ಗೋಪುರ ನೋಡಬೇಕು ಆಂಟಿ. ಅಷ್ಟು ತೂಕ ಕಟ್ಟಿದ ಹಗ್ಗ ಸುಮ್‌ಸುಮ್ನೆ ತುಂಡಾಗಲ್ಲ. ಮೊದಲು ಎಳೆ ಬಿಡತ್ತೆ, ಸದ್ದು ಮಾಡತ್ತೆ. ಕೆಳಗಿದ್ದವನಿಗೆ ಗೊತ್ತಾಗಲೇಬೇಕು."

"ಹೋಗು ಹೋಗು!" ಮಗಳು ಮುಂದಕ್ಕೆ ಬಾಗಿದಳು. ಬ್ಯಾಗು ಮಡಿಲಿನಿಂದ ಸ್ವಲ್ಪ ಜಾರಿತು.

ಗೋಪುರದಲ್ಲಿ ಸಿಕ್ಕ ಸಾಕ್ಷಿ ಚೀಟಿಯನ್ನು ಹುಡುಗ ಓದಿದ: ರಾಟೆಯ ಬಳಿ ಎಣ್ಣೆಯ ಕಲೆ. ಟೈಲರಮ್ಮನ ಅಗಸರ ಕೇರಿಯಲ್ಲಿ ಎಣ್ಣೆ ಮೆತ್ತಿದ ಅಂಗಿ. ಮಗಳು ಹುಡುಕಿದ ಕಾವಲು ಪಾಳಿಯ ಪಟ್ಟಿಯಲ್ಲಿ, ಆ ದಿನ ಕಾವಲುಗಾರ ಜಾಗದಲ್ಲಿರಲಿಲ್ಲ ಎಂದಿತ್ತು. ಮೂವರ ತಲೆಗಳೂ ಮೇಜಿನ ನಡುವೆ ಸೇರಿಕೊಂಡವು. "ಕೋಟೆ ಬಾಗಿಲು ಎತ್ತೋ ರಾಟೆಗೆ ಎಣ್ಣೆ ಹಾಕೋನು ಕಾವಲುಗಾರನೇ ಅಲ್ವಾ?" ಎಂದ ಹುಡುಗ. "ಅದೇ ಅದೇ! ಹಗ್ಗ ಬಿಚ್ಚೋದೂ ಅವನಿಗೇ ಗೊತ್ತು!" ಎಂದಳು ಮಗಳು, ಅವನ ತೋಳಿಗೆ ಒಂದೇಟು ಕೊಟ್ಟು.

"ವೈದ್ಯ ಕಣ್ರೋ, ವೈದ್ಯ!" ಸಾಹೇಬರು ಕೂಗಿದರು. ಅವರ ಕತ್ತಿನ ನರ ಉಬ್ಬಿತ್ತು.

"ಯಾಕೆ ಸರ್ ವೈದ್ಯ?" ಹುಡುಗ ಕೇಳಿದ. ಕುಹಕವಿಲ್ಲ, ಕೊಂಕಿಲ್ಲ, ಅವನು ನಿಜಕ್ಕೂ ತಿಳಿದುಕೊಳ್ಳಲು ಕೇಳುತ್ತಿದ್ದ.

"ಯಾಕೆ ಅಂದ್ರೆ... ಅವನ ಮುಖ ನೋಡು."

"ಚಿತ್ರದಲ್ಲಿ ಎಲ್ಲರ ಮುಖಾನೂ ಒಂದೇ ಥರ ಇದೆ ಅಪ್ಪಾ."

"ವೈದ್ಯ ಮದ್ದು ಕೊಟ್ಟು..." ಎಂದವರು ತಟ್ಟನೆ ನಿಲ್ಲಿಸಿದರು.

"ಮದ್ದಾ? ಮದ್ದಿನ ಚೀಟಿ ಯಾರಿಗೂ ಬಂದಿಲ್ವಲ್ಲ," ಎಂದಳು ಮಗಳು.

"ನಾನೇ ಊಹಿಸ್ದೆ."

ಒಂದೇ ಮೇಣದಬತ್ತಿ ಉಳಿದಿತ್ತು. ಮಗಳು ತನ್ನ ಬಿಲ್ಲೆಯನ್ನು ಕಾವಲುಗಾರನ ಮೇಲಿಟ್ಟಳು. ಹುಡುಗನೂ ಇಟ್ಟ. ಟೈಲರಮ್ಮನೂ ಇಟ್ಟಳು. ಸಾಹೇಬರ ಬಿಲ್ಲೆ ಅವರ ಮುಷ್ಟಿಯಲ್ಲಿತ್ತು.

"ತಪ್ಪು ಮಾಡ್ತಿದೀರಿ. ಒಬ್ಬ ನಿರಪರಾಧಿ ಸಾಯ್ತಾನೆ," ಎಂದರು. ಅವರ ದನಿಯಲ್ಲಿ ಈಗ ಜೋರಿರಲಿಲ್ಲ. ಗೊತ್ತಿದ್ದೂ ಹೇಳಲಾಗದೆ ಬೆವರುತ್ತಿದ್ದರು.

"ಸಾಕ್ಷಿ ತೋರ್ಸಿ ರೀ," ಎಂದಳು ಟೈಲರಮ್ಮ. "ದಳಪತಿ ಹತ್ರ ಒಂದು ಸಾಕ್ಷಿನಾದ್ರೂ ಇರಬೇಕಲ್ಲ."

ಅವರು ಹೆಂಡತಿಯ ಕಡೆ ನೋಡಿದರು. ಅವಳು ಮೊಳೆಯ ಮೇಲಿದ್ದ ಕತ್ತರಿಯ ಕಡೆ ನೋಡುತ್ತಿದ್ದಳು. ಅಲ್ಲಿಂದ ಪೆಟ್ಟಿಗೆಯ ಕಡೆಗೆ, ಪೆಟ್ಟಿಗೆಯಿಂದ ಅವರ ಕಡೆಗೆ. ಚೌಕದಲ್ಲಿ ನಿಂತಾಗ ಯಾವ ದಿಕ್ಕಿನಿಂದ ಏನು ಬರುತ್ತಿದೆಯೆಂದು ತಲೆ ತಿರುಗಿಸದೆ ತಿಳಿಯುತ್ತಿದ್ದ ಮನುಷ್ಯ; ಇದೂ ತಿಳಿಯಿತು. ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಮಗಳ ಎದುರು ಹೇಳಿಬಿಡುತ್ತಾಳೋ ಎಂದು ಕಾಯುತ್ತಿರುವವರ ಹಾಗೆ ಕೂತಿದ್ದರು.

ಅವಳು ಹೇಳಲಿಲ್ಲ. ಹಾಳು ಮನುಷ್ಯ, ಎಂದುಕೊಂಡಳು. ಇವರು ಕಪಾಟಿನ ಮುಂದೆ ಕನ್ನಡಕ ಹಾಕಿಕೊಂಡು, ಕಿರೀಟದ ಎರಡು ಹೋಳನ್ನು ಕೂಡಿಸಲು ಒದ್ದಾಡಿದ್ದು ಅವಳ ಕಣ್ಣಿಗೆ ಕಟ್ಟಿತು. ಹೊಸ ಹುಡುಗನ ಎದುರು ದಡ್ಡನೆನಿಸಿಕೊಳ್ಳುವ ಭಯ! ಚೌಕದಲ್ಲಿ ಈಗ ದೀಪಗಳು ತಾವಾಗಿಯೇ ಬದಲಾಗುತ್ತವೆ, ಯಾರ ಕೈಯೂ ಬೇಕಿಲ್ಲ. ಅವಳಿಗೆ ಪಾಪ ಎನಿಸಿತು. ಪಾಪ ಎನಿಸಿದ್ದಕ್ಕೆ ಇನ್ನಷ್ಟು ರೇಗಿತು.

ಸಾಹೇಬರು ಮುಷ್ಟಿ ಬಿಚ್ಚಿದರು. ಬಿಲ್ಲೆಯನ್ನು ಒಮ್ಮೆ ವೈದ್ಯನ ಚಿತ್ರದ ಮೇಲೆ ಹಿಡಿದು, ಆಮೇಲೆ ಮೆಲ್ಲಗೆ ಕಾವಲುಗಾರನ ಮೇಲಿಟ್ಟರು.

"ಅಪ್ಪಾ, ನಿಜವಾಗ್ಲೂನಾ?"

"ನೀವೆಲ್ಲ ಹೇಳ್ತಿದೀರಲ್ಲ."

ಮಗಳು ಅವರನ್ನು ದಿಟ್ಟಿಸಿ ನೋಡಿದಳು. ತನಗೆ ಬುದ್ಧಿ ಬಂದಾಗಿನಿಂದ ಅವಳು ಆ ಬಾಯಿಂದ ಇಂಥದ್ದೊಂದು ಮಾತು ಕೇಳಿರಲಿಲ್ಲ.

"ಲಕೋಟೆ ನಾನು ಒಡೀಲಾ ಆಂಟಿ?" ಹುಡುಗ ಪೆಟ್ಟಿಗೆಗೆ ಕೈ ಹಾಕಿದ.

"ಬೇಡ, ತಾಳು!" ಟೈಲರಮ್ಮ ಎಷ್ಟು ಬೇಗ ಎದ್ದಳೆಂದರೆ ಕುರ್ಚಿ ಹಿಂದಕ್ಕೆ ವಾಲಿತು. ಅವಳು ಲಕೋಟೆಯನ್ನು ಎದೆಗವಚಿಕೊಂಡು, ಅವರಿಗೆ ಬೆನ್ನು ತಿರುಗಿಸಿ, ಗೋಡೆಯ ಮೊಳೆಯಿಂದ ಕತ್ತರಿ ತೆಗೆದಳು. ಮುದ್ರೆ, ಟೇಪು ಎಲ್ಲ ಸೇರಿ ಬರುವಂತೆ ಲಕೋಟೆಯ ಮೇಲಿನ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಕರಕರನೆ ಕತ್ತರಿಸಿದಳು. ದಪ್ಪ ಕಾಗದ. ಒಂದೊಂದು ಕಚ್ಚಿಗೂ ಅವಳ ಹಲ್ಲು ಜುಮ್ಮೆಂದಿತು.

"ಅಮ್ಮಾ! ಆ ಕತ್ತರೀಲಾ?" ಮಗಳು ಬಾಯಿ ಬಿಟ್ಟಳು. "ನಾನು ಒಂದ್ಸಲ ಗಾಳಿಪಟದ ಕಾಗದ ಕತ್ತರಿಸಿದ್ದಕ್ಕೆ ಎರಡು ದಿನ ಮಾತಾಡಿರಲಿಲ್ಲ ನೀನು!"

"ಬೇರೆ ಕೈಗೆ ಸಿಗಲಿಲ್ಲ." ಕತ್ತರಿಸಿದ ಪಟ್ಟಿಯನ್ನು ಮುದುರಿ, ಬಟ್ಟೆ ಚೂರುಗಳ ಚೀಲಕ್ಕೆ ಹಾಕಿದಳು. ಸಾಹೇಬರು ಆ ಚೀಲವನ್ನೇ ನೋಡುತ್ತ ಕೂತಿದ್ದರು.

ಹುಡುಗ ಒಳಗಿನ ಕಾಗದವನ್ನು ಗಟ್ಟಿಯಾಗಿ ಓದಿದ. ಮುದುಕನಿಗೆ ಮದ್ದು ಕುಡಿಸಿ ಮಂಪರು ಬರಿಸಿ, ಗಂಟೆಯ ಕೆಳಗೆ ಮಲಗಿಸಿ, ಹಗ್ಗ ಕೊಯ್ದವನು ವೈದ್ಯ. ಎಣ್ಣೆ ಮದ್ದಿನೆಣ್ಣೆ. ಬೇರೆಯವರ ಮೇಲೆ ಬಿಲ್ಲೆ ಇಟ್ಟಿದ್ದರೆ ಗಿರಣಿಯವನಿಗೆ ನೇಣಾಯಿತು, ನೀವೆಲ್ಲ ಸೋತಿರಿ.

"ಸರ್!" ಹುಡುಗನ ಕಣ್ಣು ಅಗಲವಾಯಿತು. "ನೀವು ಮೊದಲಿಂದ ಹೇಳ್ತಾನೇ ಇದ್ರಿ! ಮದ್ದು ಅಂತಾನೂ ಹೇಳಿದ್ರಿ!"

ಮಗಳ ಮುಖ ಬಿಗಿದುಕೊಂಡಿತು. ಮುಂದೇನು ಬರುತ್ತದೆಂದು ಅವಳಿಗೂ ತಾಯಿಗೂ ಗೊತ್ತಿತ್ತು. ನಾನು ಹೇಳಲಿಲ್ಲವೇ ಎಂಬಲ್ಲಿಂದ ಶುರುವಾಗಿ ರಾತ್ರಿಯ ಊಟದವರೆಗೂ ಹರಿಯುತ್ತಿದ್ದ ಮಾತದು. ಟೈಲರಮ್ಮ ಕತ್ತರಿ ಹಿಡಿದೇ ನಿಂತಿದ್ದಳು.

ಸಾಹೇಬರು ಮರದ ಮೇಣದಬತ್ತಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದರು. "ಹೇಳಿದ್ದೇನು ಬಂತಪ್ಪಾ," ಎಂದರು ಕೊನೆಗೆ. "ಸಾಕ್ಷಿ ಇರಲಿಲ್ಲ. ನಿನ್ನ ಹಗ್ಗದ ಲೆಕ್ಕಾಚಾರವೇ ಚೆನ್ನಾಗಿತ್ತು."

ಮಗಳು ಬ್ಯಾಗನ್ನು ನೆಲದ ಮೇಲಿಟ್ಟಳು. "ಚಹಾ ಮಾಡ್ತೀನಿ," ಎಂದು ಒಳಗೆ ಹೋದವಳು, ಬಾಗಿಲಿನಿಂದ ತಲೆ ಹೊರಹಾಕಿ, "ಆಟದ ಪೆಟ್ಟಿಗೇಲಿ ಇನ್ನೊಂದು ಕಥೆ ಇದೆ. ಮುಂದಿನ ವಾರ ಆಡೋಣ. ಅಪ್ಪ ಭಿಕ್ಷುಕ," ಎಂದಳು.

ಚಹಾ ಮುಗಿದು ಹುಡುಗ ಹೊರಟಾಗ ಸಾಹೇಬರು ಗೇಟಿನವರೆಗೂ ಹೋದರು. ಟೈಲರಮ್ಮ ಕಿಟಕಿಯ ಬಳಿ ಹಳೇ ಬಟ್ಟೆಯೊಂದನ್ನು ಕತ್ತರಿಸಿ ನೋಡುತ್ತಿದ್ದಳು. ಕತ್ತರಿ ಎರಡು ಕಡೆ ಕಚ್ಚದೆ ಬಟ್ಟೆಯನ್ನು ಮಡಚಿತು. ಬೈಯಲು ಅವಳು ಕಿಟಕಿಯಿಂದ ಹೊರಗೆ ನೋಡಿದಳು.

ಇಕ್ಕಟ್ಟಿನ ಗೇಟಿನಿಂದ ಹುಡುಗ ಸ್ಕೂಟರನ್ನು ಹಿಂದಕ್ಕೆ ತಳ್ಳುತ್ತಿದ್ದ. ಸಾಹೇಬರ ಬಲಗೈ ತಾನಾಗಿ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಅವರು ಅದನ್ನು ಇಳಿಸಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡರು.

ಹುಡುಗ ಕಾಲೂರಿ ನಿಂತು ಹಿಂತಿರುಗಿ ನೋಡಿದ. "ಸರ್, ನನಗೆ ಹಿಂದೆ ಕಾಣ್ತಿಲ್ಲ. ಬರಬಹುದಾ?"

ಸಾಹೇಬರು ರಸ್ತೆಗಿಳಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ತರಕಾರಿ ಗಾಡಿಯೊಂದು ಹಾದು ಹೋಗುವವರೆಗೂ ಕಾದರು. ಆಮೇಲೆ ಜೇಬಿನಿಂದ ಕೈ ತೆಗೆದು, ಬಾ ಎಂದು ಕರೆದರು.