ಉಪನ್ಯಾಸಕನ ಬಾಯಿ

ಶಿಕಾರಿಪುರದ ನಮ್ಮ ಚಿಕ್ಕ ಕಲಾ ಸಂಗ್ರಹಾಲಯದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸಾರ್ವಜನಿಕ ಉಪನ್ಯಾಸ, ಮಧ್ಯಾಹ್ನ ಚಿತ್ರ ಬಿಡಿಸುವ ಕಾರ್ಯಾಗಾರ. ಮಧ್ಯಾಹ್ನಕ್ಕೆ ಜಾಗ ಸಾಲುವುದಿಲ್ಲ, ಬೆಳಿಗ್ಗೆ ಕುರ್ಚಿ ತುಂಬುವುದಿಲ್ಲ. ಎರಡನ್ನೂ ನಡೆಸುವ ನೀಲಾಂಬಿಕ ಮೇಡಂ ನನಗೆ ಮೊದಲೇ ಹೇಳಿಬಿಟ್ಟಿದ್ದರು.

"ರೇಣುಕಾಪ್ರಸಾದ್ ಸರ್, ಈ ಸಲ ನಿಮ್ಮ ಮಾತಿಗೂ ಜನ ಕೂರ್ಲಿಲ್ಲ ಅಂದ್ರೆ ಉಪನ್ಯಾಸ ನಿಲ್ಲಿಸಿಬಿಡ್ತೀವಿ ನೋಡ್ರಿ. ಬರೇ ಚಿತ್ರ ಇಟ್ಕೊಂತೀವಿ."

ಉಪನ್ಯಾಸ ನಿಂತರೆ ಕಲೆಗೆ ನಷ್ಟವಿತ್ತೋ ಇಲ್ಲವೋ, ನನಗಂತೂ ಇತ್ತು. ತಾಲ್ಲೂಕು ವರದಿಗಾರನಾಗಿ ಇಡೀ ನೌಕರಿಯನ್ನು ಬೇರೆಯವರ ಭಾಷಣ ಬರೆದುಕೊಳ್ಳುವುದರಲ್ಲೇ ಕಳೆದವನು ನಾನು. ನಿವೃತ್ತನಾದ ಮೇಲೆ ನಾನು ಮಾತಾಡಬೇಕು, ಉಳಿದವರು ಬರೆದುಕೊಳ್ಳಬೇಕು ಎಂಬ ಆಸೆ ಹುಟ್ಟಿತ್ತು. ಊರಿನಲ್ಲಿ ನನಗೆ ಉಳಿದಿದ್ದ ವೇದಿಕೆ ಇದೊಂದೇ. ಬೇರೆಲ್ಲ ಕಡೆ ಒಂದೊಂದು ಸಲ ಮಾತಾಡಿಯಾಗಿತ್ತು.

ಹಿಂದಿನ ದಿನ ಮೇಡಂ ಫೋನು ಮಾಡಿದರು. ಸೊರಬದ ಕಡೆಯಿಂದ ಬರುವವರಿಗೆ ಸಂಜೆ ಬಸ್ಸು ತಪ್ಪುತ್ತಿದೆಯಂತೆ, ಕಾರ್ಯಾಗಾರದವರೂ ಬೆಳಿಗ್ಗೆಯೇ ಬರುತ್ತಾರಂತೆ. ಸಭೆ ತುಂಬುತ್ತದೆ ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಬಂದವರು ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ವಿವರ ಕೇಳುವುದೇ ನನ್ನ ಕಸುಬಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಬೇಕು.

ವಿಷಯ, ವೀರಗಲ್ಲನ್ನು ನೋಡುವ ಬಗೆ. ಬಳ್ಳಿಗಾವಿ ಕಡೆಯ ವೀರಗಲ್ಲೊಂದರ ಪ್ಲಾಸ್ಟರ್ ಪ್ರತಿಯನ್ನು ಪಕ್ಕದಲ್ಲಿ ನಿಲ್ಲಿಸಿದ್ದರು. ಅದರಲ್ಲಿ ಒಂದರ ಮೇಲೊಂದು ಕೆತ್ತಿದ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ವೀರ ಕಾದಾಡಿ ಸಾಯುತ್ತಾನೆ. ಮುಂದಿನ ಕಥೆ ಮೇಲಿನ ಎರಡರಲ್ಲಿದೆ. ನಾನು ಕಲ್ಲಿನ ಜಾತಿಯಿಂದ ಆರಂಭಿಸಿ ಕತ್ತಿಯ ಹಿಡಿಗೆ ಬರುವ ಹೊತ್ತಿಗೆ ಒಂದು ಅದ್ಭುತ ಕಂಡೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು, ಮತ್ತೆ ನೋಡುತ್ತಿದ್ದರು.

ಬರೆದುಕೊಳ್ಳುವವರಿಗೆ ಅನುಕೂಲವಾಗಲೆಂದು ಮಾತು ನಿಧಾನಿಸಿದೆ. ಕತ್ತಿ ಎತ್ತಿದ ವೀರನ ಭಂಗಿ ತೋರಿಸಲು ಬಲಗೈ ಎತ್ತಿದೆ.

ಮುಂದಿನ ಸಾಲಿನಲ್ಲಿದ್ದ, ಸೊರಬ ಕಡೆಯ ಉಳವಿಯ ವರದಮ್ಮ ಎಂಬ ಹೆಂಗಸು, "ಸಾರ್, ಆ ಕೈ ಹಂಗೇ ಇಟ್ಕಳಿ" ಎಂದರು.

ಇಂಥ ಕೇಳುಗರು ಯಾರಿಗೆ ಸಿಗುತ್ತಾರೆ? ಕೈ ಹಾಗೇ ಇಟ್ಟುಕೊಂಡು ಕತ್ತಿಯ ಬಗ್ಗೆ ಇನ್ನಷ್ಟು ಹೇಳಿದೆ. ಭುಜ ನೋಯತೊಡಗಿತು. ಆಗ ಹಳೆಯ ಚಾಳಿ ಎದ್ದಿತು. ಬರೆದುಕೊಂಡದ್ದರಲ್ಲಿ ತಪ್ಪಿದ್ದರೆ ತಿದ್ದೋಣವೆಂದು ವೇದಿಕೆ ಇಳಿದು ವರದಮ್ಮನವರ ಹಾಳೆ ನೋಡಿದೆ.

ಅದರಲ್ಲಿ ನನ್ನ ಹೊಟ್ಟೆ ಇತ್ತು. ಅಳತೆಯಲ್ಲಿ ತಪ್ಪಿರಲಿಲ್ಲ.

ಪಕ್ಕದವರ ಹಾಳೆಯಲ್ಲೂ ನಾನೇ. ಅದರಾಚೆಯದರಲ್ಲೂ ನಾನೇ, ಕೈ ಎತ್ತಿಕೊಂಡು ಬಸ್ಸು ನಿಲ್ಲಿಸುವವನಂತೆ. ಕನ್ನಡಕ, ಕಿವಿ, ಜುಬ್ಬದ ಗುಂಡಿ ಎಲ್ಲ ಇದ್ದವು. ಬಾಯಿ ಮಾತ್ರ ಒಂದು ಹಾಳೆಯಲ್ಲೂ ಇರಲಿಲ್ಲ.

"ಮೇಡಂ, ಇದೇನ್ರಿ?"

"ಅಯ್ಯೋ, ಎದುರಿಗೆ ಮನುಷ್ಯನ್ನ ನಿಲ್ಸಿ ಬಿಡಿಸೋದು ಇವತ್ತಿನ ಪಾಠ. ಹೆಂಗೂ ನೀವು ನಿಂತೇ ಇರ್ತೀರಲ್ಲ ಅಂದ್ಕೊಂಡೆ. ಒಬ್ರೂ ಎದ್ದು ಹೋಗಿಲ್ಲ ನೋಡ್ರಿ!"

"ನಾನಿನ್ನೂ ಕೆಳಗಿನ ಪಟ್ಟಿಕೆಯಲ್ಲೇ ಇದೀನಿ."

"ನಮ್ದೂ ಬಾಯಿ ಬಾಕಿ ಐತಿ" ಎಂದು ಹಿಂದಿನಿಂದ ಯಾರೋ ಅಂದರು. "ಒಂದು ಕಡೆ ನಿಲ್ಲವಲ್ದು."

ಸಭೆ ನಕ್ಕಿತು. ವರದಮ್ಮ ಮಾತ್ರ ನಗಲಿಲ್ಲ. "ಒಂಚೂರು ಸುಮ್ನಿದ್ರೆ ಮುಗ್ಸಿ ಬಸ್ ಹಿಡೀತೀವಿ ಮಾರಾಯ್ರೆ" ಎಂದರು, ಅಳುವ ಮಗುವನ್ನು ರಮಿಸುವಂತೆ.

ಹೇಳಬೇಕಾದ ಎರಡು ಪಟ್ಟಿಕೆ ಇನ್ನೂ ಬಾಕಿ ಇದ್ದವು. ಅದೂ ತುಂಬಿದ ಸಭೆಯಲ್ಲಿ. ಮಾತು ಮುಂದುವರಿಸಿದರೆ ತಡೆಯುವವರಿರಲಿಲ್ಲ. ಆದರೆ ಅವರ ಪೆನ್ಸಿಲ್‌ಗಳು ಹಾಳೆಯ ಮೇಲೆ ಎದ್ದು ನಿಂತು ಕಾಯುತ್ತಿದ್ದವು. ವೇದಿಕೆ ಹತ್ತಿ ಕೈ ಎತ್ತಿ ಬಾಯಿ ಮುಚ್ಚಿದೆ. ಸೀಸದ ಕಡ್ಡಿಗಳ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅದು ಇದ್ದಿರಬೇಕು.

ಹಾಳೆ ಒಟ್ಟು ಮಾಡುತ್ತಾ ಮೇಡಂ ತೀರ್ಪು ಕೊಟ್ಟರು. "ಉಪನ್ಯಾಸ ನಿಲ್ಸೋದಿಲ್ರಿ. ಮುಂದಿನ ತಿಂಗಳೂ ನೀವೇ ಬರ್ರಿ."

"ಮಾತಾಡಕ್ಕೋ, ನಿಲ್ಲಕ್ಕೋ?"

"ಎರಡಕ್ಕೂ. ಮಾತು ಸ್ವಲ್ಪ, ನಿಲ್ಲೋದು ಬಾಳ."

ಒಪ್ಪಿಕೊಂಡೆ. ಕೇಳಿದ ಕ್ಷಣಕ್ಕೇ ಒಪ್ಪಿಕೊಂಡೆ ಎಂಬುದೂ ನಿಜ.

ಮನೆಗೆ ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ ವರದಮ್ಮ ಕೂಗಿ ಕರೆದರು. ಸೊರಬದ ಬಸ್ಸು ಹೊರಡಲು ಅಣಿಯಾಗಿತ್ತು, ಅವರು ಮೆಟ್ಟಿಲ ಮೇಲಿದ್ದರು.

"ಸಾರ್, ಆ ಸತ್ತೋನು ಆಮೇಲೆ ಎಂತ ಆದ?"

ಅಂದರೆ ಅವರು ಕೇಳಿದ್ದರು! ಬಸ್ಸು ಅಲುಗಿತು. "ದೇವಲೋಕದ ಹೆಣ್ಮಕ್ಕಳು ಎತ್ಕೊಂಡು ಹೋಗ್ತಾರಮ್ಮ. ಕೊನೆಗೆ ಮೇಲೆ ಶಿವನ ಎದುರಿಗೆ ಕೂರ್ತಾನೆ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಇಷ್ಟೇನಾ?" ಎಂದರು ವರದಮ್ಮ. "ಇಷ್ಟನ್ನ ಮೊದ್ಲೇ ಹೇಳಿ ಸುಮ್ನೆ ನಿಂತಿದ್ರೆ ಬಾಯಿನೂ ಚೆಂದ ಬರ್ತಿತ್ತಲ್ರೀ."