ಸೀಮೆಎಣ್ಣೆ ಡಬ್ಬದ ದಾಸವಾಳ

ಎಲೆ ಕಿತ್ತದ್ದು ನಾನೇ. ಬೇಕಾದರೆ ಇಡೀ ಕುರ್ಲಾದ ಎದುರು ಒಪ್ಪುತ್ತೇನೆ. ಉಡುಪಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು, ನಾನು ಆ ಕಡೆಯವಳು. ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ, ಆ ಲೋಳೆಯನ್ನು ತಲೆಗೆ ಹಚ್ಚದಿದ್ದರೆ ನನಗೆ ಮಿಂದ ಹಾಗೇ ಆಗುವುದಿಲ್ಲ. ಗಿಡ ಪಕ್ಕದ ಖೋಲಿಯ ಸರಸ್ವತಿಯಮ್ಮನದು. ಮೈಸೂರಿನ ತವರಿಂದ ಗೆಲ್ಲು ತಂದು ಚಾಳಿನ ಗ್ಯಾಲರಿಯಲ್ಲಿ, ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟಿದ್ದರು. ಎಲೆಗೆ ಅವರ ಅಪ್ಪಣೆ ಇತ್ತು, ಹೂವಿಗೆ ಇರಲಿಲ್ಲ. ಮೊದಲ ಹೂ ಗಣಪತಿಗೆ ಎಂದು ಹರಕೆ ಹೊತ್ತಿದ್ದರು.

ಹೂವೇನೋ ಸರಿಯಾಗಿ ಸಂಕಷ್ಟಿಯ ಬೆಳಿಗ್ಗೆಯೇ ಅರಳಿತು. ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬರೀ ತೊಟ್ಟು ಉಳಿದಿತ್ತು.

"ಎಲೆ ಕೀಳೋ ಕೈಗೆ ಹೂವು ಕೀಳೋದು ಕಷ್ಟವೇನ್ರೀ?" ಎಂದರು, ನಲ್ಲಿಯ ಹತ್ತಿರ, ಹೆಂಗಸರೆಲ್ಲರ ಎದುರು.

ನನ್ನ ಮೈ ಉರಿದುಹೋಯಿತು. ಕಳ್ಳಿ ಅನ್ನಿಸಿಕೊಂಡು ನಾಳೆಯಿಂದ ಆ ಸಾಲಲ್ಲಿ ಕೊಡ ಹಿಡಿದು ನಿಲ್ಲುವುದು ಹೇಗೆ? ಆಣೆ ಹಾಕಿದೆ, ಯಾರೂ ನಂಬಲಿಲ್ಲ. ಹೋಟೆಲಿಗೆ ಹೊರಟಿದ್ದ ನನ್ನ ಗಂಡ ಮೋನಪ್ಪ, ಹೋಗಲಿ ಬಿಡು, ಒಂದು ಹೂ ತಾನೆ ಎಂದರು. ಅಂದರೆ ಅವರಿಗೂ ಅನುಮಾನ! ಅದೇ ನನಗೆ ಹೆಚ್ಚು ನೋವಾದದ್ದು.

ಸಂಜೆ ಸರಸ್ವತಿಯಮ್ಮನ ಯಜಮಾನರು, ವೆಂಕಟಸುಬ್ಬಯ್ಯನವರು, ಲೋಕಲ್ ರೈಲು ಇಳಿದು ಬಂದರು. ಅಂದು ಆಫೀಸಿಗೆ ದೊಡ್ಡ ಸಾಹೇಬರು ಬಂದವರು ಇವರ ಬೂಟಿನ ಹೊಳಪು ನೋಡಿ ಭೇಷ್ ಎಂದರಂತೆ. ಗ್ಯಾಲರಿಯಲ್ಲಿ ಕಂಡಕಂಡವರಿಗೆಲ್ಲ ಅದೇ ವರದಿ. ಯಾವ ಪಾಲಿಶ್ ರಾಯರೇ ಎಂದು ನಾನು ಸುಮ್ಮನೆ ಕೇಳಿದೆ.

"ಪಾಲಿಶ್ ಮುಗಿದುಹೋಗಿತ್ತಮ್ಮ. ದಾಸವಾಳದ ಹೂ ತಿಕ್ಕಿದೆ. ನಮ್ಮ ತಂದೆ ಹೇಳಿಕೊಟ್ಟದ್ದು."

ಪೂಜೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸರಸ್ವತಿಯಮ್ಮನ ಮುಖ ನೋಡಬೇಕಿತ್ತು. ಗಣಪತಿಯ ಹೂ ಹೋಗಿ ಹೋಗಿ ಬೂಟಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಲ್ಲ ಎಂದು ಚಾಳಿಗೆಲ್ಲ ಕೇಳುವ ಹಾಗೆ ಅಂದೆ. ರಾಯರು ಬೂಟು ಕೈಯಲ್ಲಿ ಹಿಡಿದು ಒಳಗೆ ಓಡಿದರು, ಹೆಂಗಸರು ಬಿದ್ದು ಬಿದ್ದು ನಕ್ಕರು. ಸರಸ್ವತಿಯಮ್ಮ ಮಾತ್ರ ತಪ್ಪಾಯಿತು ಅನ್ನಲಿಲ್ಲ. ನಾನೂ ಬಿಮ್ಮನೆ ಇದ್ದೆ, ಗಿಡದ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ಮೊಗ್ಗು ನಾಳೆ ಅರಳುತ್ತದೆ ಅನ್ನುವ ಸಂಜೆ ಅವರೇ ನಮ್ಮ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ನನ್ನ ತಲೆಗೆಂದು ಕಿತ್ತ ಎಲೆ, ಇನ್ನೊಂದರಲ್ಲಿ ಪೇಪರಲ್ಲಿ ಸುತ್ತಿದ ಗಂಡನ ಬೂಟು.

"ಬೆಳಿಗ್ಗೆ ಪೂಜೆ ಆಗೋವರೆಗೂ ಈ ಬೂಟು ನಿಮ್ಮ ಹತ್ರ ಇರ್ಲಿ, ರಾಜೀವಿ," ಎಂದರು. "ನಮ್ಮನೆಯವರನ್ನ ನಂಬೋಕಾಗಲ್ಲ."